ಮೊದಲ ಮೊಟ್ಟೆ

ಶಾಲೆಯ ಪ್ರಾಜೆಕ್ಟಿಗೆ ಅಳಿವಿನಂಚಿನ ಹಕ್ಕಿಯೊಂದರ ಬಗ್ಗೆ ಚಾರ್ಟ್ ಮಾಡಬೇಕಿತ್ತು. ಮಗಳು ಚಿತ್ರ ನೋಡಿಯೇ ಆರಿಸಿಕೊಂಡಳು: ನೆಟ್ಟಗೆ ನಿಂತ ಜುಟ್ಟಿನ ಪೆಂಗ್ವಿನ್. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕೊಕ್ಕಿನ ಬುಡದಿಂದ ಹೊರಟು ಕಣ್ಣಿನ ಮೇಲೆ ಹಾದು ಬ್ರಶ್ಶಿನಂತೆ ಮೇಲೆದ್ದ ಹಳದಿ ಗರಿ. ಎತ್ತರ ಎರಡಡಿಗಿಂತ ಸ್ವಲ್ಪ ಹೆಚ್ಚು. ಆ ಜುಟ್ಟನ್ನು ಅದು ಬೇಕೆಂದಾಗ ಎತ್ತಿ ಇಳಿಸಬಲ್ಲದಂತೆ. ಊರಿನಿಂದ ಬಂದು ವಾರದಿಂದ ನಮ್ಮಲ್ಲೇ ಇದ್ದ ಅಣ್ಣ ಚಿತ್ರ ನೋಡಿ, "ಇದು ಥೇಟ್ ನಮ್ಮೂರ ಗೌಡರ ಹುಬ್ಬು ಇದ್ದಂಗೈತಲ್ಲೋ" ಅಂದ.

ಈ ಹಕ್ಕಿ ಮರಿ ಮಾಡುವುದು ಹೆಚ್ಚುಕಡಿಮೆ ನ್ಯೂಜಿಲೆಂಡಿನ ಆಂಟಿಪೊಡೀಸ್ ಮತ್ತು ಬೌಂಟಿ ಎಂಬ ಎರಡೇ ದ್ವೀಪಗುಂಪುಗಳಲ್ಲಿ. ಚಳಿಗಾಲವೆಲ್ಲ ಸಮುದ್ರದಲ್ಲಿ ಕಳೆದು ಸೆಪ್ಟೆಂಬರಿನಲ್ಲಿ ದಡ ಹತ್ತುತ್ತದೆ. ಗೂಡು ಅಂದರೆ ಹೆಚ್ಚೇನಿಲ್ಲ, ಎಷ್ಟೋ ಸಲ ಬರಿ ಬಂಡೆಯೇ. ಅಕ್ಟೋಬರಿನಲ್ಲಿ ಕೆಲವು ದಿನಗಳ ಅಂತರದಲ್ಲಿ ಎರಡು ಮೊಟ್ಟೆ. ಕಾವು ಸುಮಾರು 35 ದಿನ. ಮರಿ ಬಂದ ಮೇಲೆ ಮೊದಲ ಕೆಲವು ವಾರ ಅಪ್ಪ ಉಪವಾಸವಿದ್ದು ಕಾಯುತ್ತದೆ, ಅವ್ವ ಸಮುದ್ರದಿಂದ ಆಹಾರ ತರುತ್ತದೆ.

ಇಷ್ಟನ್ನೂ ಮಗಳು ಓದಿ ಹೇಳುತ್ತಿದ್ದಳು. ಅಣ್ಣ ಚಹಾ ಕುಡಿಯುತ್ತ ಹೂಂಗುಟ್ಟುತ್ತಿದ್ದ. ಆಮೇಲೆ ಅವಳು ಮೊಟ್ಟೆಗಳ ಸಂಗತಿಗೆ ಬಂದಳು. ಮೊದಲ ಮೊಟ್ಟೆ ಚಿಕ್ಕದು. ಎರಡನೆಯದು ಸರಾಸರಿ ಶೇ. 85ರಷ್ಟು ದೊಡ್ಡದು. ಹಕ್ಕಿಗಳಲ್ಲಿ ಇಷ್ಟು ವ್ಯತ್ಯಾಸ ಅಪರೂಪ. ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಬಹುತೇಕ ಉರುಳಿ ಹೋಗಿರುತ್ತದೆ, ಇಲ್ಲವೇ ತಾಯಿಯೇ ಹೊರಕ್ಕೆ ತಳ್ಳಿರುತ್ತದೆ. 1998ರಲ್ಲಿ ದ್ವೀಪದಲ್ಲಿ ಕೂತು ನೋಡಿದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಎರಡು ಮರಿಗೆ ಉಣಿಸುವ ತಾಕತ್ತು ಆ ಜೋಡಿಗಿಲ್ಲ, ಹಾಗಾಗಿ ಒಂದನ್ನು ಬಿಡಬೇಕು, ಬಿಡುವುದು ಮೊದಲನೆಯದನ್ನು ಎಂಬುದು ಅವರ ವಿವರಣೆ.

"ಪಾಪ, ಮೊದಲನೇದ್ದು ಏನ್ ತಪ್ಪ ಮಾಡಿತ್ತವಾ?" ಅಂತ ಅಣ್ಣ ಕೇಳಿದ.

ನಾನು ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣೆತ್ತಲಿಲ್ಲ. ನಮ್ಮ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಅದೇ ವರ್ಷ ಅಪ್ಪ ಹಾಸಿಗೆ ಹಿಡಿದ. ಅಣ್ಣ ಗದಗಿನಲ್ಲಿ ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋದ. ನಾನು ಓದಿದೆ, ಎಂಟೆಕ್‌ವರೆಗೆ ಓದಿದೆ. ಪ್ರತಿ ಸೆಮಿಸ್ಟರಿನ ಫೀ ಬಂದದ್ದು ಆ ಅಂಗಡಿಯಿಂದ. ಈ ವಿಷಯ ನಾವಿಬ್ಬರೂ ಎಂದೂ ಮಾತಾಡಿಲ್ಲ.

ಭಾನುವಾರ ಮೂವರೂ ಲೋಕಲ್ ಹತ್ತಿ ಭಾಯಖಳಾಕ್ಕೆ ಹೋದೆವು. ರಾಣಿಬಾಗಿನಲ್ಲಿ ಪೆಂಗ್ವಿನ್‌ಗಳಿವೆ, ಆದರೆ ಜುಟ್ಟಿನವಲ್ಲ. ಪೆರು, ಚಿಲಿ ಕರಾವಳಿಯ ಹಂಬೋಲ್ಟ್ ಪೆಂಗ್ವಿನ್‌ಗಳು. 2016ರಲ್ಲಿ ಸಿಯೋಲ್‌ನಿಂದ ಎಂಟು ಬಂದವು, ಅದೇ ವರ್ಷ ಒಂದು ಸತ್ತಿತು. 2018ರ ಆಗಸ್ಟ್ 15ರಂದು ಇಲ್ಲಿ ಹುಟ್ಟಿದ ಮರಿ, ಭಾರತದಲ್ಲಿ ಹುಟ್ಟಿದ ಮೊದಲ ಪೆಂಗ್ವಿನ್, ಒಂದು ವಾರ ಬದುಕಿತು. 2021ರಿಂದ ಹುಟ್ಟಿದ ಮರಿಗಳಲ್ಲಿ ಹಲವು ಉಳಿದು ಬೆಳೆದವು. ಹಂಬೋಲ್ಟ್‌ಗಳೂ ಎರಡು ಮೊಟ್ಟೆ ಇಡುತ್ತವೆ. ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಎರಡಕ್ಕೂ ಕಾವು.

ಹೊರಗೆ ಸೆಖೆ, ಗಾಜಿನ ಆಚೆ ಚಳಿ. ಮಗಳು ಮುಂದೆ ನುಗ್ಗಿ ಫೋಟೋ ತೆಗೆಯುತ್ತಿದ್ದಳು. ಜನರ ಗದ್ದಲದಲ್ಲಿ ನನಗೆ ಹೇಗೋ ಧೈರ್ಯ ಬಂತು.

"ಅಣ್ಣಾ, ಆ ಮೊಟ್ಟಿ ವಿಷಯ ಕೇಳಿದಾಗ ನಿನಗ ನಮ್ಮ ಮನಿ ನೆನಪಾತೇನು?"

ಅವನು ಗಾಜಿನಿಂದ ಕಣ್ಣು ತೆಗೆಯದೆ ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಿನಗ ಆತಲ್ಲ, ಅದಕ್ಕ ಕೇಳಾಕತ್ತಿ. ಆ ಮೊಟ್ಟಿನ ಯಾರೂ ಕೇಳಂಗಿಲ್ಲೋ ತಮ್ಮಾ. ನನ್ನ ಅಪ್ಪ ಕೇಳಿದ್ದ. ಹಾಸಿಗಿ ಮ್ಯಾಲ ಕುಂದ್ರಿಸಿಕೊಂಡು, ನೀ ಹೋಗ್ತೀಯೇನು ಅಂತ ಕೇಳಿದ್ದ. ಒಲ್ಲೆ ಅನ್ನಾಕ ಬರ್ತಿರಲಿಲ್ಲ ಬಿಡು. ಆದ್ರೂ ಕೇಳಿದ್ದ."

ಅಪ್ಪ ಕೇಳಿದ್ದು ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ ಒಲ್ಲೆ ಅನ್ನಬೇಕೆನಿಸಿತ್ತು ಎಂಬುದೂ ಗೊತ್ತಿರಲಿಲ್ಲ. ಅವನು ಸಂತೋಷದಿಂದ ಬಿಟ್ಟುಕೊಟ್ಟ ಎಂದು ಇಷ್ಟು ವರ್ಷ ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವೂ ಆಗಿತ್ತು. ಏನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಮಗಳು, "ದೊಡ್ಡಪ್ಪಾ, ಇಲ್ಲಿ ನಿಂದ್ರು, ಫೋಟೋ" ಎಂದು ಅವನ ಕೈ ಹಿಡಿದು ಎಳೆದಳು. ಅವನು ಹೋಗಿ ನಿಂತ, ಅಂಗಿಯ ಕಾಲರು ಸರಿಮಾಡಿಕೊಂಡ.

ಆ ರಾತ್ರಿ ಚಾರ್ಟ್ ಮುಗಿಸುವಾಗ ಅವಳು ಚಿಕ್ಕ ಮೊಟ್ಟೆಯ ಚಿತ್ರದ ಕೆಳಗೆ 'ದುರ್ಬಲ ಮೊಟ್ಟೆ' ಎಂದು ಬರೆದಿದ್ದಳು. ಅದು ತಪ್ಪು ಅಂದೆ. ಇದೇ ಕುಲದ ರಾಕ್‌ಹಾಪರ್ ಪೆಂಗ್ವಿನ್‌ಗಳಲ್ಲಿ ಮೊದಲ ಮೊಟ್ಟೆಯೂ ಒಮ್ಮೊಮ್ಮೆ ಒಡೆದು ಮರಿಯಾಗುತ್ತದೆ. ಜೀವ ಇಲ್ಲದ್ದಲ್ಲ ಅದು, ಕಾವು ಸಿಗದ್ದು. ಅವಳು ಬಿಳಿ ಇಂಕು ಹಚ್ಚಿ, ಒಣಗಲು ಬಿಟ್ಟು, ಮೇಲೆ 'ಮೊದಲ ಮೊಟ್ಟೆ' ಎಂದು ಬರೆದಳು.

ಒಳಗೆ ಅಣ್ಣ ಮರುದಿನದ ರೈಲಿಗೆ ಚೀಲ ಕಟ್ಟುತ್ತಿದ್ದ. ಇನ್ನೆರಡು ದಿನ ಇರು ಅಂದೆ. ಅವನು ತಲೆಯೆತ್ತಿ ನನ್ನನ್ನು ನೋಡಿ, "ಕೇಳಾಕತ್ತೀಯೋ, ಹೇಳಾಕತ್ತೀಯೋ?" ಅಂದ.

"ಕೇಳಾಕತ್ತೀನಿ" ಅಂದೆ.