ಸೈಕಲ್ ಬೆಟ್ಟ ಹತ್ತಿದ ಊರು

ಸ್ಯಾನ್‌ಫ್ರಾನ್ಸಿಸ್ಕೋ ನಗರದ ಗದ್ದಲವನ್ನು ಹಿಂದೆ ಬಿಟ್ಟು, 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಹೊರಟರೆ ಮರಿನ್ ಕೌಂಟಿ ಎಂಬ ಗುಡ್ಡಗಾಡು ಸೀಮೆ ಎದುರಾಗುತ್ತದೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕೊಲ್ಲಿ, ನಡುವೆ ಟ್ಯಾಮಲ್‌ಪೈಯಸ್ ಬೆಟ್ಟ. ಊರವರು ಅದನ್ನು ಪ್ರೀತಿಯಿಂದ ‘ಟ್ಯಾಮ್’ ಎನ್ನುತ್ತಾರೆ. ಅದರ ಎತ್ತರ 784 ಮೀಟರ್. 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಕಂಡವರಿಗೆ ಇದೇನು ಮಹಾ ಎನ್ನಿಸಬಹುದು. ಆದರೆ ಟ್ಯಾಮ್ ಸಮುದ್ರದ ದಡದಿಂದಲೇ ಮೇಲೇಳುತ್ತದೆ. ಹತ್ತುವವನಿಗೆ ಒಂದು ಮೀಟರಿನ ರಿಯಾಯಿತಿಯೂ ಇಲ್ಲ.

ಬೆಟ್ಟದ ಬುಡದಲ್ಲಿ ಮ್ಯೂರ್ ವುಡ್ಸ್ ಎಂಬ ರೆಡ್‌ವುಡ್ ಮರಗಳ ಕಾಡಿದೆ. 1908ರಿಂದ ಅದು ರಾಷ್ಟ್ರೀಯ ಸ್ಮಾರಕ. ಬೇಸಿಗೆಯಲ್ಲಿ ಇಲ್ಲಿ ಮಳೆಯೇ ಇಲ್ಲ. ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಕಡಲಿನಿಂದ ಬರುವ ಮಂಜು ಕಣಿವೆಗಳನ್ನು ತುಂಬಿ, ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. 1896ರಿಂದ 1930ರವರೆಗೆ ಈ ಬೆಟ್ಟಕ್ಕೆ ಒಂದು ಪುಟ್ಟ ರೈಲು ಓಡುತ್ತಿತ್ತು. ಅದರ ಹಾದಿಯಲ್ಲಿ 281 ತಿರುವುಗಳಿದ್ದವು. ಜಗತ್ತಿನಲ್ಲೇ ಅತಿ ಸೊಟ್ಟ ರೈಲು ಎಂಬ ಬಿರುದು ಅದಕ್ಕಿತ್ತು. ರೈಲು ಹೋಯಿತು, ಹಾದಿ ಉಳಿಯಿತು. ಕಾಳ್ಗಿಚ್ಚು ನಂದಿಸಲು ಮಾಡಿದ ಮಣ್ಣಿನ ರಸ್ತೆಗಳೂ ಬೆಟ್ಟದ ಮೈಮೇಲೆಲ್ಲ ಹರಡಿಕೊಂಡಿವೆ. ಇಂಥ ಮಣ್ಣುದಾರಿಗಳಲ್ಲೇ ಮೌಂಟನ್ ಬೈಕ್ ಎಂಬ ಬೆಟ್ಟದ ಸೈಕಲ್ಲಿನ ಕಥೆ ಬೆಳೆಯಿತು.

ಗ್ರೀಸು ಆವಿಯಾದ ಇಳಿಜಾರು

ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಪಶ್ಚಿಮಕ್ಕೆ ಪೈನ್ ಮೌಂಟನ್ ಎಂಬ ಗುಡ್ಡವಿದೆ. ಅಲ್ಲಿಂದ ಕಣಿವೆಗೆ ಇಳಿಯುವ ಮಣ್ಣುದಾರಿಯ ಹೆಸರು ರೀಪ್ಯಾಕ್. ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದಲ್ಲಿ ಅದು ಸುಮಾರು 400 ಮೀಟರ್ ಇಳಿಯುತ್ತದೆ. 1970ರ ದಶಕದಲ್ಲಿ ಇಲ್ಲಿನ ತರುಣರು ಗುಜರಿ ಅಂಗಡಿಗಳಿಂದ 1930-40ರ ದಶಕದ ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು, ಮಡ್‌ಗಾರ್ಡ್ ಮುಂತಾದುವನ್ನು ಕಿತ್ತೆಸೆದು, ಈ ಇಳಿಜಾರಿನಲ್ಲಿ ಓಡಿಸುತ್ತಿದ್ದರು. ಒಂದೊಂದು ಸೈಕಲ್ಲಿನ ತೂಕ ಇಪ್ಪತ್ತು ಕಿಲೋಗ್ರಾಂಗಿಂತ ಹೆಚ್ಚು. ಮೇಲಕ್ಕೆ ತುಳಿಯುವುದು ಕಷ್ಟವಾದ್ದರಿಂದ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಹೋಗುವುದೂ ಇತ್ತು.

ಅವುಗಳಿಗಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಅದು ಹಿಂಚಕ್ರದ ಹಬ್ಬಿನೊಳಗೆ ಇರುತ್ತದೆ. ಸವಾರ ಮತ್ತು ಸೈಕಲ್ ಸೇರಿ 92 ಕಿಲೋಗ್ರಾಂ ಎಂದುಕೊಳ್ಳೋಣ. 400 ಮೀಟರ್ ಇಳಿದಾಗ ಸುಮಾರು 3 ಲಕ್ಷ 60 ಸಾವಿರ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು! ಗಾಳಿಗೆ, ಟೈರಿಗೆ ಹೋದದ್ದು ಹೋಗಿ, ಉಳಿದದ್ದೆಲ್ಲ ಮುಷ್ಟಿಗಾತ್ರದ ಹಬ್ಬಿನಲ್ಲಿ ಶಾಖವಾಗಿ ಸೇರುತ್ತಿತ್ತು. ಒಳಗಿನ ಗ್ರೀಸು ಹೊಗೆಯಾಗಿ ಹಾರಿಹೋಗುತ್ತಿತ್ತು. ಒಂದು ಸಲ ಇಳಿದರೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಲೇಬೇಕು. ಹೀಗೆ ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರೆ. ಅದೇ ದಾರಿಯ ಹೆಸರಾಯಿತು.

1976ರ ಅಕ್ಟೋಬರ್ 21ರಂದು ಇಲ್ಲಿ ಮೊದಲ ಪಂದ್ಯ ನಡೆಯಿತು. ಅಂದು ಬೀಳದೆ ಕೆಳಗೆ ತಲುಪಿದವರು ಅಲನ್ ಬಾಂಡ್ಸ್ ಒಬ್ಬರೇ, ಗೆಲುವೂ ಅವರದೇ. ಚಾರ್ಲಿ ಕೆಲ್ಲಿ ಮುಂದೆ ನಿಂತು ನಡೆಸಿದ ಈ ಪಂದ್ಯಗಳು 1984ರವರೆಗೆ ಆಗಾಗ ನಡೆದವು. ಗ್ಯಾರಿ ಫಿಷರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ದಾಖಲೆಯಾಗಿ ಉಳಿಯಿತು.

ಕಾರ್ಖಾನೆ ಕೊಡದಿದ್ದಾಗ

ಹಳೆಯ ಸೈಕಲ್ಲುಗಳ ಫ್ರೇಂ ಈ ಹೊಡೆತ ತಾಳಲಿಲ್ಲ. ಕೆಲವು ಬಾಗಿದವು, ಕೆಲವು ಬಿರುಕುಬಿಟ್ಟವು. ಬೆಟ್ಟಕ್ಕೆ ತಕ್ಕ ಸೈಕಲ್ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಆಗ ರಸ್ತೆ ಪಂದ್ಯಗಳ ಸವಾರ ಜೋ ಬ್ರೀಜ್ ಕೈಯಾರೆ ಒಂದನ್ನು ಮಾಡಲು ಹೊರಟರು. ಅವರ ತಂದೆ ಯಂತ್ರ ಕೆಲಸ ಬಲ್ಲವರು. ಮಗನೂ ಫ್ರೇಂ ಕಟ್ಟುವುದನ್ನು 1974ರಲ್ಲೇ ಕಲಿತಿದ್ದರು. 1977ರಲ್ಲಿ ‘ಬ್ರೀಜರ್’ ಸಿದ್ಧವಾಯಿತು. ಬೆಟ್ಟಕ್ಕೆಂದೇ ಹೊಸದಾಗಿ ಕಟ್ಟಿ ಯಶಸ್ಸು ಕಂಡ ಮೊದಲ ಸೈಕಲ್ ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಅಂಥವು ಒಟ್ಟು ಹತ್ತು ತಯಾರಾದವು. ಮೊದಲನೆಯದು ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಬ್ರೀಜ್ ಆರಿಸಿದ್ದು ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳನ್ನು. ಕ್ರೋಮಿಯಂ ನೂರಕ್ಕೆ ಒಂದು ಪಾಲು, ಮಾಲಿಬ್ಡಿನಂ ಅದರ ಐದನೆಯ ಒಂದು ಪಾಲು. ಇಷ್ಟೇ ಬೆರಕೆಯಿಂದ ತೆಳು ಕೊಳವೆಗೂ ದಪ್ಪ ಕೊಳವೆಯ ಬಲ ಬರುತ್ತದೆ. ಮೇಲೆ ನಿಕ್ಕಲ್ ಲೇಪ. ಸ್ವಾರಸ್ಯವೆಂದರೆ ಈ ಬೆಟ್ಟಸಾಲಿನ ಕೆಲವೆಡೆ ಹಸಿರು ಛಾಯೆಯ ಸರ್ಪೆಂಟೈನ್ ಬಂಡೆಗಳಿವೆ. ಅವುಗಳ ಮಣ್ಣಿನಲ್ಲಿ ನಿಕ್ಕಲ್, ಕ್ರೋಮಿಯಂ ಹೆಚ್ಚು. ಅಲ್ಲಿ ಬೆಳೆಯುವ ಸೈಪ್ರೆಸ್ ಮರಗಳು ಕುಬ್ಜವಾಗಿರುವುದಕ್ಕೆ ಇದೂ ಒಂದು ಕಾರಣ. ಮರವನ್ನು ಕುಗ್ಗಿಸುವ ಲೋಹಗಳೇ ಸೈಕಲ್ಲಿಗೆ ಬಲವನ್ನೂ ಹೊಳಪನ್ನೂ ಕೊಟ್ಟವು.

1979ರಲ್ಲಿ ಫಿಷರ್ ಮತ್ತು ಕೆಲ್ಲಿ ಸೈಕಲ್ ಮಾರಾಟಕ್ಕೆ ಇಳಿದರು. ಫ್ರೇಂಗಳನ್ನು ಕಟ್ಟಿಕೊಟ್ಟವರು ಟಾಮ್ ರಿಚೀ. 1980ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬೆಟ್ಟದ ಸೈಕಲ್ಲಿಗೆ ಜಾಗ ಸಿಕ್ಕಿತು. ಕೊಟ್ಟಿಗೆಯಂಥ ಗ್ಯಾರೇಜುಗಳಲ್ಲಿ ಆರಂಭವಾದ ಆಟಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆ ಬೇಕೇ?

ಮತ್ತೆ ಗ್ಯಾರೇಜಿನ ಬೆಂಕಿ

ಈಗ ಗ್ಯಾರೇಜುಗಳಲ್ಲಿ ಮತ್ತೆ ಬೆಸುಗೆಯ ಕಿಡಿ ಹಾರುತ್ತಿದೆ. ಈ ಸಲದ ಕನಸು ವಿದ್ಯುತ್ ಸೈಕಲ್. ಮಾಮೂಲಿ ಸೈಕಲ್ಲಿಗೆ ಮೋಟಾರು ಕಟ್ಟಿದರೆ ಊರಿನ ರಸ್ತೆಗೆ ಸಾಕು. ಕಲ್ಲುಮಣ್ಣಿನ ದಾರಿಗೆ ಮಾತ್ರ ಫ್ರೇಮನ್ನೇ ಹೊಸದಾಗಿ ಕಟ್ಟಬೇಕು ಎನ್ನುವವರು ಅಮೆರಿಕದ ಹಲವೆಡೆ ಇದ್ದಾರೆ.

ಕೆಲಸ ಮೊದಲಾಗುವುದು ಕಾಗದದ ಮೇಲೆ. ಸವಾರನ ಅಳತೆಗೆ ತಕ್ಕಂತೆ ಫ್ರೇಮಿನ ಚಿತ್ರವನ್ನು ನಿಜಗಾತ್ರದಲ್ಲಿ ಬರೆಯುತ್ತಾರೆ. ಕೊಳವೆಗಳನ್ನು ಕತ್ತರಿಸಿ, ಒಂದರ ತುದಿ ಇನ್ನೊಂದರ ದುಂಡುಮೈಯನ್ನು ಸಂದಿಲ್ಲದೆ ಅಪ್ಪುವಂತೆ ಮೀನಿನ ಬಾಯಿಯ ಆಕಾರಕ್ಕೆ ಅರದಿಂದ ಉಜ್ಜುತ್ತಾರೆ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಬೆಸುಗೆಯೂ ಕಾಪಾಡದು. ಆಮೇಲೆ ಎಲ್ಲವನ್ನೂ ಒಂದು ಗಟ್ಟಿ ಚೌಕಟ್ಟಿನಲ್ಲಿ ಬಿಗಿದು, ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ, ಅಳತೆ ನೋಡಿ, ಕೊನೆಗೆ ಪೂರ್ಣ ಬೆಸೆಯುತ್ತಾರೆ. ಶಾಖಕ್ಕೆ ಉಕ್ಕು ಹಿಗ್ಗಿ, ತಣಿದಾಗ ಕುಗ್ಗಿ, ಫ್ರೇಮನ್ನು ಒಂದು ಕಡೆಗೆ ಎಳೆಯುತ್ತದೆ. ಆದ್ದರಿಂದ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಎಂದು ಸರದಿಯಲ್ಲಿ ಬೆಸೆಯುವುದು ಜಾಣತನ.

ಅಲ್ಯುಮಿನಿಯಂ ಹಗುರ, ನಿಜ. ಆದರೆ ಬೆಸುಗೆಯ ಅಕ್ಕಪಕ್ಕದಲ್ಲಿ ಅದು ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಆ ಬಲವನ್ನು ಮರಳಿ ತರಲು ಇಡೀ ಫ್ರೇಮನ್ನು ಕುಲುಮೆಯಲ್ಲಿಟ್ಟು ಹದಮಾಡಬೇಕು. ಮನೆಯಲ್ಲಿ ಅದು ಆಗದ ಮಾತು. ಹಾಗಾಗಿ ಮನೆಯಲ್ಲಿ ಕಟ್ಟುವ ಅನೇಕರು ಇಂದಿಗೂ ನೆಚ್ಚುವುದು ಬ್ರೀಜ್ ಆರಿಸಿದ ಉಕ್ಕನ್ನೇ.

ಬ್ಯಾಟರಿಗೆ ಜಾಗ ಫ್ರೇಮಿನ ನಡುವಿನ ತ್ರಿಕೋನ. ಭಾರ ಕೆಳಗೆ, ನಡುವೆ ಇದ್ದರೆ ಸೈಕಲ್ ತಿರುವಿನಲ್ಲಿ ಹಿಡಿತ ತಪ್ಪುವುದಿಲ್ಲ. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದ ಲಿಥಿಯಂ ಕೋಶಗಳನ್ನು ಹದಿಮೂರರ ನಾಲ್ಕು ಸಾಲುಗಳಲ್ಲಿ ಜೋಡಿಸಿದರೆ ಸುಮಾರು 48 ವೋಲ್ಟಿನ, 500 ವಾಟ್-ಗಂಟೆಗೂ ಮೀರಿದ ಬ್ಯಾಟರಿ ಆಗುತ್ತದೆ. ನೂರು ಕಿಲೋಗ್ರಾಂ ಭಾರವನ್ನು ಕಡಲ ಮಟ್ಟದಿಂದ ಟ್ಯಾಮ್ ಬೆಟ್ಟದ ತುದಿಗೇರಿಸಲು ಬೇಕಾದ ಶಕ್ತಿ ಲೆಕ್ಕದಲ್ಲಿ 213 ವಾಟ್-ಗಂಟೆ. ಅಂದು ಪಿಕಪ್ ಗಾಡಿ ಮಾಡುತ್ತಿದ್ದ ಕೆಲಸವನ್ನು ಇಂದು ಎರಡೂವರೆ ಕಿಲೋಗ್ರಾಂ ಕೋಶಗಳು ಮಾಡಬಲ್ಲವು.

ಮೋಟಾರನ್ನು ಹಿಂಚಕ್ರದ ಹಬ್ಬಿನಲ್ಲಿ ಇಟ್ಟರೆ ಅದು ತನ್ನ ಅಚ್ಚನ್ನು ಫ್ರೇಮಿನ ಕಚ್ಚಿನಲ್ಲಿ ತಿರುಚುತ್ತದೆ. ಕಚ್ಚು ದುರ್ಬಲವಾದರೆ ಅಚ್ಚು ತಿರುಗಿ, ತಂತಿ ಹರಿದು, ಚಕ್ರವೇ ಕಳಚಿಕೊಳ್ಳಬಹುದು. ಆದ್ದರಿಂದ ಅಲ್ಲಿ ದಪ್ಪ ಉಕ್ಕಿನ ತಟ್ಟೆಯನ್ನು ಬೆಸೆದು ಭದ್ರಪಡಿಸುತ್ತಾರೆ. ಪೆಡಲಿನ ಬಳಿ ಮೋಟಾರು ಇಟ್ಟರೆ ಈ ಕಾಟವಿಲ್ಲ, ಗೇರುಗಳ ನೆರವೂ ಉಂಟು. ಸರಪಣಿ ಮಾತ್ರ ಬೇಗ ಸವೆಯುತ್ತದೆ.

ದಾರಿ ಯಾರದು?

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ ತಂತ್ರದ್ದಲ್ಲ. ಆರೋಗ್ಯವಂತನೊಬ್ಬ ಗಂಟೆಗಟ್ಟಲೆ ತುಳಿಯುವಾಗ ಕೊಡುವ ಶಕ್ತಿ ಸುಮಾರು 100 ವಾಟ್. ಕ್ಯಾಲಿಫೋರ್ನಿಯಾ 2015ರಲ್ಲಿ ಮಾಡಿದ ಕಾನೂನು ವಿದ್ಯುತ್ ಸೈಕಲ್ಲುಗಳನ್ನು ಮೂರು ವರ್ಗ ಮಾಡಿತು. ಮೋಟಾರಿನ ಮಿತಿ 750 ವಾಟ್, ಅಂದರೆ ಒಂದು ಅಶ್ವಶಕ್ತಿ. ನೆರವಿನ ವೇಗದ ಮಿತಿ ಎರಡು ವರ್ಗಗಳಿಗೆ ಗಂಟೆಗೆ 32 ಕಿಲೋಮೀಟರ್, ಮೂರನೆಯದಕ್ಕೆ 45. ಭಾರತದಲ್ಲಿ ನೋಂದಣಿಯಿಲ್ಲದೆ ಓಡಿಸಬಹುದಾದದ್ದು 250 ವಾಟ್, 25 ಕಿಲೋಮೀಟರಿನೊಳಗೆ. ಮನೆಯಲ್ಲಿ ಕಟ್ಟಿದ ಯಂತ್ರಕ್ಕೆ ಮೂರು ಸಾವಿರ ವಾಟಿನ ಮೋಟಾರು ಹಾಕಿದರೆ ಅದಕ್ಕೆ ಪೆಡಲ್ ಇದ್ದರೂ ಅದು ಸೈಕಲ್ ಅಲ್ಲ, ಮೋಟಾರು ವಾಹನ.

ಟ್ಯಾಮ್ ಬೆಟ್ಟದಲ್ಲಿ ಈ ಜಗಳಕ್ಕೆ ಇತಿಹಾಸವಿದೆ. 1980ರ ದಶಕದಲ್ಲೇ ನಡೆಯುವವರು, ಕುದುರೆ ಸವಾರರು ಸೈಕಲ್ಲಿನವರ ಮೇಲೆ ದೂರು ಹೇಳಿದ್ದರು. ಕಿರುದಾರಿಗಳು ಸೈಕಲ್ಲಿಗೆ ಮುಚ್ಚಿದವು. ಅಗಲದ ಮಣ್ಣುರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಬಂತು; ಕಾಡಿನ ಕಾವಲುಗಾರರು ರಾಡಾರ್ ಹಿಡಿದು ನಿಂತರು. ಬೆಟ್ಟದ ಸೈಕಲ್ಲಿನ ತವರಿನಲ್ಲೇ ಅದಕ್ಕೆ ನಿರ್ಬಂಧ!

ಈಗ ವೇಗ ಇಳಿಜಾರಿಗಷ್ಟೇ ಸೀಮಿತವಲ್ಲ, ಏರಿನಲ್ಲೂ ಬಂದಿದೆ. ಎಳೆಯರು ವೇಗದ ವಿದ್ಯುತ್ ಸೈಕಲ್ ಏರಿ ಗಾಯಗೊಳ್ಳುವುದು ಮರಿನ್ ಕೌಂಟಿಯಲ್ಲಿ ಚಿಂತೆಗೆ ಕಾರಣವಾಯಿತು. ತುಳಿಯದೆ ಓಡುವ ಎರಡನೆಯ ವರ್ಗದ ಸೈಕಲ್ಲುಗಳನ್ನು 16ರ ಒಳಗಿನವರಿಗೆ ನಿಷೇಧಿಸಲು ಈ ಕೌಂಟಿಗೆ 2024ರ ರಾಜ್ಯ ಕಾನೂನು ಪ್ರಾಯೋಗಿಕವಾಗಿ ಅಧಿಕಾರ ಕೊಟ್ಟಿತು. ಜೊತೆಗೆ ಬೆಂಕಿಯ ಭಯ. ಸರಿಯಾಗಿ ಕಟ್ಟದ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ನೀರಿಗೂ ಬೇಗ ಬಗ್ಗದು. ಬೇಸಿಗೆಯ ಆ ಹೊಂಬಣ್ಣದ ಹುಲ್ಲಿಗೆ ಒಂದು ಕಿಡಿ ಸಾಕು.

ಆದರೆ ಇನ್ನೊಂದು ಮುಖವೂ ಇದೆ. ರೀಪ್ಯಾಕ್ ಕಾಲದ ತರುಣರಿಗೆ ಈಗ ಎಪ್ಪತ್ತರ ಆಸುಪಾಸು. ಮಂಡಿ ನೋವಿನವರಿಗೆ, ಹೃದಯದ ತೊಂದರೆ ಇರುವವರಿಗೆ ಸಣ್ಣ ಮೋಟಾರಿನ ನೆರವಿದ್ದರೆ ಬೆಟ್ಟದ ತುದಿ ಮತ್ತೆ ಕೈಗೆಟುಕುತ್ತದೆ. ಗ್ಯಾರೇಜಿನಲ್ಲಿ ಫ್ರೇಂ ಕಟ್ಟುವವನು ಕೊಳವೆಯ ಅಳತೆಯ ಜೊತೆಗೆ ಮೋಟಾರಿನ ಮಿತಿಯನ್ನೂ ಗಮನಿಸಿದರೆ ಅವನಿಗೂ ಕ್ಷೇಮ, ದಾರಿಗೂ ಕ್ಷೇಮ.

ಹೋಗುವವರಿಗೆ

ಸ್ಯಾನ್‌ಫ್ರಾನ್ಸಿಸ್ಕೋದಿಂದ ಫೇರ್‌ಫ್ಯಾಕ್ಸ್‌ಗೆ ಸುಮಾರು 30 ಕಿಲೋಮೀಟರ್. ಕನ್ನಡಿಗರು ಬಹಳಷ್ಟು ಸಂಖ್ಯೆಯಲ್ಲಿ ನೆಲೆಸಿರುವ ಸ್ಯಾನ್‌ಹೋಸೆ ಕಡೆಯಿಂದಾದರೆ ನೂರು ಕಿಲೋಮೀಟರಿಗೂ ಹೆಚ್ಚು. ಊರಿನ ಮಧ್ಯದಲ್ಲೇ 2015ರಲ್ಲಿ ತೆರೆದ ಸೈಕಲ್ ವಸ್ತುಸಂಗ್ರಹಾಲಯವಿದೆ. ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಬೆಟ್ಟದ ಭೂಮಿ ರಾಜ್ಯ ಉದ್ಯಾನ, ನೀರು ಸರಬರಾಜು ಮಂಡಳಿ, ಕೌಂಟಿ ಹೀಗೆ ಬೇರೆ ಬೇರೆಯವರ ಕೈಯಲ್ಲಿದ್ದು, ವಿದ್ಯುತ್ ಸೈಕಲ್ಲಿನ ನಿಯಮವೂ ಒಂದೊಂದು ಕಡೆ ಒಂದೊಂದು. ದಾರಿಯ ಬಾಗಿಲಲ್ಲಿ ಹಾಕಿರುವ ಫಲಕ ಓದಿಯೇ ಮುಂದೆ ಹೋಗಬೇಕು. ಬೇಸಿಗೆಯಲ್ಲಿ ಮುಂಜಾನೆ ಹೊರಡುವುದು ಲೇಸು. ಬೆಚ್ಚನೆಯ ಅಂಗಿ, ಕುಡಿಯುವ ನೀರು ಜೊತೆಗಿರಲಿ. ನಡೆದೇ ಹೋಗುವವರಿಗೆ ರೀಪ್ಯಾಕ್ ಇಳಿಯಲು ಒಂದು ಗಂಟೆಯಾದರೂ ಬೇಕು. ಫಿಷರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಎಂಥ ಸಾಹಸವೆಂಬುದು ಮೊದಲ ತಿರುವಿನಲ್ಲೇ ಅರ್ಥವಾಗುತ್ತದೆ.