ಪಾಳೆಯದಿಂದ ಹೊಲಕ್ಕೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿರುವ ವರ್ಮಾಂಟ್ ಬೆಟ್ಟಗಳ ನಾಡು. ಅಲ್ಲಿಯ ಚಳಿಗಾಲ ದೀರ್ಘವೂ ಕಠೋರವೂ ಆದುದು. ತಿಂಗಳುಗಟ್ಟಲೆ ಹಿಮ ಹೊದ್ದುಕೊಳ್ಳುವ ನೆಲವು ಕೆಲವು ಅಡಿಗಳ ಆಳದವರೆಗೆ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಆದುದರಿಂದ ಕುಡಿಯುವ ನೀರಿನ ಕೊಳವೆಗಳನ್ನು ಆ ಹೆಪ್ಪು ಮುಟ್ಟಲಾರದಷ್ಟು ಆಳದಲ್ಲಿ ಹೂಳಬೇಕಾಗುತ್ತದೆ. ಇಲ್ಲವಾದರೆ ನೀರು ಕೊಳವೆಯೊಳಗೇ ಗಡ್ಡೆಗಟ್ಟಿ, ಹಿಗ್ಗಿ, ಕೊಳವೆಯನ್ನೇ ಸೀಳಿಬಿಡುತ್ತದೆ.

ಇಂತಹ ಒಂದು ಬೆಟ್ಟದ ಮಗ್ಗುಲಲ್ಲಿ ನಿವೃತ್ತ ಸೈನಿಕನೊಬ್ಬನ ಮನೆಯಿದೆ. ಮನೆಯಿಂದ ಸುಮಾರು ೩೦೦ ಅಡಿ ಮೇಲೆ, ಬಂಡೆಗಳ ಸಂದಿನಲ್ಲಿ, ಎಂದೂ ಬತ್ತದ ಒಂದು ಒರತೆ. ಅಲ್ಲಿಂದ ಮನೆಗೆ ಅವನ ತಂದೆ ಹಾಕಿಸಿದ್ದ ಕೊಳವೆ ನೆಲದಲ್ಲಿ ಬಹಳ ಮೇಲೆಯೇ ಇತ್ತು. ಜನವರಿ ಬಂದಿತೆಂದರೆ ನೀರು ನಿಲ್ಲುತ್ತಿತ್ತು. ಗಂಡಹೆಂಡಿರಿಬ್ಬರೂ ಬಕೆಟ್ಟುಗಳನ್ನು ಹಿಡಿದು ಹಿಮದ ಇಳಿಜಾರಿನಲ್ಲಿ ನೀರು ಹೊರುತ್ತಿದ್ದರು. ಒಂದು ಚಳಿಗಾಲದ ಮುಂಜಾನೆ ಹೆಂಡತಿ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಂದೇ ಆತನು, ಮುಂದಿನ ಚಳಿಗೆ ಮೊದಲು ಹೊಸ ಕೊಳವೆಯನ್ನು ಆರು ಅಡಿ ಆಳದಲ್ಲಿ ಹೂಳಿಯೇ ತೀರುವೆನೆಂದು ನಿಶ್ಚಯಿಸಿದನು.

ಗುತ್ತಿಗೆದಾರರು ಹೇಳಿದ ಮೊತ್ತ ಅವನ ಶಕ್ತಿಗೆ ಮೀರಿತ್ತು. ಸೇನೆಯು ತನಗೆ ಬೇಡವಾದ ಸಾಮಗ್ರಿಗಳನ್ನು ಹರಾಜು ಹಾಕುವ ಸುದ್ದಿ ಆಗ ಅವನ ಕಣ್ಣಿಗೆ ಬಿದ್ದಿತು. ಆ ಪಟ್ಟಿಯ ಚಿತ್ರಗಳ ನಡುವೆ ಹಸಿರು ಬಣ್ಣದ ಒಂದು ಹಳೆಯ ಯಂತ್ರ. ಅದನ್ನು ಕಂಡಾಗ ಬಹುಕಾಲದ ಗೆಳೆಯನನ್ನು ಸಂತೆಯಲ್ಲಿ ಕಂಡಂತಾಯಿತು.

ಆ ಯಂತ್ರದ ವಂಶ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧವು ಮುಗಿದು ಜರ್ಮನಿಯು ಹಾಳುಬಿದ್ದಿದ್ದಾಗ, ಆಲ್ಬರ್ಟ್ ಫ್ರೀಡ್ರಿಖ್ ಎಂಬ ಎಂಜಿನಿಯರು ರೈತರಿಗಾಗಿ ಒಂದು ಗಾಡಿಯನ್ನು ಕಲ್ಪಿಸಿದನು. ಅದು ಉಳಬೇಕು, ಹೇರು ಸಾಗಿಸಬೇಕು, ಇತರ ಉಪಕರಣಗಳಿಗೆ ಶಕ್ತಿಯನ್ನೂ ಒದಗಿಸಬೇಕು. ೧೯೪೬ರಲ್ಲಿ ಅದರ ಮೊದಲ ಮಾದರಿ ಓಡಿತು. ೧೯೪೮ರಲ್ಲಿ ತಯಾರಿಕೆ ಆರಂಭವಾಯಿತು. ಆಲೂಗಡ್ಡೆಯ ಎರಡು ಸಾಲುಗಳಿಗೆ ಸರಿಹೊಂದುವಂತೆ ಅದರ ಎಡಬಲ ಚಕ್ರಗಳ ನಡುವಣ ಅಂತರವನ್ನು ೧೨೭೦ ಮಿಲಿಮೀಟರ್ ಎಂದು ನಿಗದಿಮಾಡಿದ್ದರು. ‘ಯೂನಿಮಾಗ್’ ಎಂಬ ಆ ಗಾಡಿಯ ಮೊದಲ ಲಾಂಛನ ಕೊಂಬುಳ್ಳ ಎತ್ತಿನ ತಲೆ.

ಎತ್ತಿನ ಲಾಂಛನ ಹೊತ್ತು ಹುಟ್ಟಿದ ಈ ಗಾಡಿಯು ಕಾಲಕ್ರಮದಲ್ಲಿ ಸೇನೆಗಳ ಕಣ್ಣಿಗೂ ಬಿದ್ದಿತು. ಚಕ್ರದ ನಡುವಿಗಿಂತ ಮೇಲೆ ಅಚ್ಚನ್ನು ಜೋಡಿಸಿದ್ದುದರಿಂದ ಅದರ ಹೊಟ್ಟೆ ನೆಲಕ್ಕೆ ತಾಗದೆ, ಕೊರಕಲು ದಾರಿಗಳಲ್ಲಿಯೂ ಅದು ಸರಾಗವಾಗಿ ಸಾಗುತ್ತಿತ್ತು. ೧೯೮೦ರ ದಶಕದಲ್ಲಿ ಅಮೆರಿಕದ ಸೇನೆಯು ಇದೇ ಗಾಡಿಯ ಮುಂದೆ ಮಣ್ಣು ಎತ್ತುವ ದೊಡ್ಡ ಬಕೆಟ್ಟನ್ನೂ ಹಿಂದೆ ನೆಲ ತೋಡುವ ತೋಳನ್ನೂ ಅಳವಡಿಸಿಕೊಂಡಿತು. ತಯಾರಕರ ಹೆಸರಿನಿಂದಲೇ ‘ಜೆಸಿಬಿ’ ಎಂದು ನಮ್ಮ ಊರುಗಳಲ್ಲಿ ಕರೆಯುವ ಯಂತ್ರವನ್ನು ಕಂಡವರಿಗೆ ಇದರ ರೂಪ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಆದರೆ ಸೇನೆಯ ಈ ಯಂತ್ರವು ರಸ್ತೆಯ ಮೇಲೆ ಗಂಟೆಗೆ ಸುಮಾರು ೮೦ ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಇತರ ವಾಹನಗಳ ಸಾಲಿನೊಡನೆ ತಾನೂ ಸಾಗಿ, ನಿಂತಲ್ಲಿಯೇ ಸುಮಾರು ೧೪ ಅಡಿ ಆಳದವರೆಗೆ ತೋಡಬಲ್ಲದು.

ಆ ಸೈನಿಕನು ತನ್ನ ಯೌವನದಲ್ಲಿ ಪಶ್ಚಿಮ ಜರ್ಮನಿಯ ಅಮೆರಿಕನ್ ಪಾಳೆಯದಲ್ಲಿದ್ದವನು. ಇಂತಹುದೇ ಹೊಸ ಯಂತ್ರವನ್ನು ನಡೆಸುವುದು ಆಗ ಅವನ ಕೆಲಸವಾಗಿತ್ತು. ಬರಬಹುದೆಂದು ಎಲ್ಲರೂ ಅಂಜಿದ್ದ ಯುದ್ಧಕ್ಕಾಗಿ ಬೆಳಗಿನಿಂದ ಕಂದಕ ತೋಡುವುದು, ಕವಾಯತು ಮುಗಿದೊಡನೆ ಅದನ್ನು ಮುಚ್ಚುವುದು. ಹೀಗೆ ಅವನ ದಿನಗಳು ಕಳೆದವು. ೧೯೮೯ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆಯಿತು. ಯುದ್ಧ ಬರಲಿಲ್ಲ. ತಾನು ತೋಡಿ ಮುಚ್ಚಿದ ನೂರಾರು ಕಂದಕಗಳಿಂದ ಆದ ಪ್ರಯೋಜನವೇನೆಂಬ ಪ್ರಶ್ನೆ ಮಾತ್ರ ಅವನ ಮನಸ್ಸಿನಲ್ಲಿ ಉಳಿದುಕೊಂಡಿತು.

ಹರಾಜಿನಲ್ಲಿ ಕೊಂಡ ಯಂತ್ರವು ಲಾರಿಯ ಮೇಲೇರಿ ಮನೆಗೆ ಬಂದಿತು. ಅದನ್ನು ಸುತ್ತಿ ನೋಡಿದ ಹೆಂಡತಿ, “ಇದು ನಮಗೆ ನೀರು ತರುವುದೋ, ಖರ್ಚು ತರುವುದೋ?” ಎಂದಳು. ಅವಳ ಸಂಶಯ ನಿರಾಧಾರವಾದುದಾಗಿರಲಿಲ್ಲ. ಹರಾಜಿನ ವಸ್ತುವಿಗೆ ಹೊಣೆಗಾರರಿಲ್ಲ. ಇದ್ದಲ್ಲಿ ಇದ್ದಂತೆ ಕೊಳ್ಳಬೇಕು. ಕಬ್ಬಿಣ ಗಟ್ಟಿಯಾಗಿತ್ತು, ಎಂಜಿನ್ನು ಸದೃಢವಾಗಿತ್ತು. ಆದರೆ ರಬ್ಬರು ಮುಪ್ಪಾಗಿತ್ತು. ಮೊದಲ ವಾರದಲ್ಲಿಯೇ ತೋಳಿಗೆ ಎಣ್ಣೆಯನ್ನು ಒತ್ತಡದಿಂದ ಸಾಗಿಸುವ ಒಂದು ಹೋಸ್ ಪೈಪು ಒಡೆದು, ಅಂಗಳವೆಲ್ಲ ಎಣ್ಣೆಯಾಯಿತು. ಒರತೆಯ ಬಳಿ ಇದು ಸಂಭವಿಸಿದ್ದರೆ ಮನೆಯ ನೀರೇ ಕೆಡುತ್ತಿತ್ತು. ಆದುದರಿಂದ ಎಲ್ಲ ಪೈಪುಗಳನ್ನೂ ಬದಲಿಸುವವರೆಗೆ ಯಂತ್ರವನ್ನು ಬೆಟ್ಟ ಹತ್ತಿಸಕೂಡದೆಂದು ಆತನು ತೀರ್ಮಾನಿಸಿದನು. ಸ್ವಲ್ಪ ಹಣಕ್ಕೆ ದೊರೆತ ಯಂತ್ರವು ತನ್ನ ನಿಜವಾದ ಬೆಲೆಯನ್ನು ಹೀಗೆ ಕಂತುಕಂತಾಗಿ ವಸೂಲು ಮಾಡಿತು.

ಬೇಸಿಗೆಯ ರಜೆಯಲ್ಲಿ ಬಂದ ಹದಿನೈದು ವರ್ಷದ ಮೊಮ್ಮಗನು ಆ ಕೆಲಸದಲ್ಲಿ ಅಜ್ಜನ ಬಲಗೈಯಾದನು. ಕೈಪಿಡಿಗಳನ್ನು ಅಜ್ಜ ಹುಡುಗನ ಕೈಯಿಂದಲೇ ಓದಿಸಿದನು. ಎಣ್ಣೆಯ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕಬಾರದು, ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಏಕೆಂದರೆ ಒತ್ತಡದಿಂದ ಚಿಮ್ಮುವ ಸಣ್ಣ ಎಳೆಯೂ ಚರ್ಮವನ್ನು ಭೇದಿಸಿ ದೇಹದೊಳಗೆ ಹೊಗಬಲ್ಲದು. ತೋಡುವ ಮೊದಲು ಹಿಂಬದಿಯ ಎರಡು ಕಬ್ಬಿಣದ ಕಾಲುಗಳನ್ನು ನೆಲಕ್ಕೆ ಭದ್ರವಾಗಿ ಊರಬೇಕು. ಆ ದೇಶದಲ್ಲಿ ಸ್ವಂತ ಜಮೀನಿನಲ್ಲಿ ತೋಡುವವರೂ ಮೊದಲು ೮೧೧ ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಭೂಗತವಾದ ವಿದ್ಯುತ್ತಿನ ತಂತಿಗಿರುವ ಕೆಂಪು, ಕುಡಿಯುವ ನೀರಿನ ಕೊಳವೆಗಿರುವ ನೀಲಿ, ಹೀಗೆ ಗೊತ್ತಾದ ಬಣ್ಣಗಳಿಂದ ಅವುಗಳ ಜಾಡನ್ನು ಗುರುತಿಸಿಕೊಡುತ್ತಾರೆ. ಇವೆಲ್ಲವನ್ನೂ ಹುಡುಗನು ಮನಸ್ಸಿಟ್ಟು ಕಲಿತನು.

ಕೊನೆಗೆ ಆಗಸ್ಟಿನಲ್ಲಿ ತೋಳು ನೆಲವನ್ನು ಮುಟ್ಟಿತು. ಮೊದಲ ದಿನ ಅಜ್ಜನ ಕೈ ತುಸು ನಡುಗಿದರೂ, ಲಿವರುಗಳ ಹಳೆಯ ಪರಿಚಯ ಬೇಗನೆ ಮರಳಿತು. ಮೂರನೆಯ ದಿನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಂದಕ ಸಿದ್ಧವಾಗಿತ್ತು. ಆರು ಅಡಿ ಆಳ, ಗೆರೆ ಎಳೆದಂತಹ ನೆಟ್ಟಗಿನ ಗೋಡೆಗಳು. ಅದನ್ನು ನೋಡುತ್ತ ನಿಂತವನಿಗೆ ತನ್ನ ಕೈಚಳಕದ ಬಗ್ಗೆ ಹೆಮ್ಮೆಯೆನಿಸಿತು. ಅಷ್ಟರಲ್ಲಿ ತಳದಲ್ಲಿ ಒಂದು ಚೂಪಾದ ಕಲ್ಲು ಅವನ ಕಣ್ಣಿಗೆ ಬಿದ್ದಿತು. ಕೊಳವೆಗೆ ಅದು ತಾಗುತ್ತಿತ್ತು. ಆತನು ಗುದ್ದಲಿಯನ್ನು ಕೆಳಕ್ಕೆ ಎಸೆದು, ಏಣಿಯನ್ನಿಟ್ಟು, ಒಂದು ಕಾಲನ್ನು ಅದರ ಮೇಲಿರಿಸಿದನು.

“ಅಜ್ಜ, ಇಳಿಯಬೇಡಿ. ಐದು ಅಡಿ ಆಳದ ಕಂದಕಕ್ಕೆ ಗೋಡೆಯ ಆಸರೆಯಿಲ್ಲದೆ ಇಳಿಯಬಾರದೆಂದು ನೀವೇ ನನಗೆ ಓದಿಸಿದಿರಲ್ಲ?” ಎಂದು ಹುಡುಗನು ತಡೆದನು.

“ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲು ಇಂತಹ ನೂರು ಕಂದಕಗಳಿಗೆ ಇಳಿದಿದ್ದೇನೆ. ಎರಡು ನಿಮಿಷದ ಕೆಲಸ” ಎಂದು ಅಜ್ಜ ಗದರಿದನು.

ಹುಡುಗನು ಎದುರು ಮಾತಾಡಲಿಲ್ಲ. ಏಣಿಯನ್ನು ಹಿಡಿದ ಕೈಯನ್ನೂ ಬಿಡಲಿಲ್ಲ. ಮುದುಕನು ಕೆಲವು ಕ್ಷಣ ಅವನ ಮುಖವನ್ನೇ ನೋಡಿದನು. ಬಳಿಕ ಸಿಟ್ಟಿನಿಂದಲೇ ಕಾಲನ್ನು ಹಿಂತೆಗೆದು, “ಮೊದಲು ಊಟ ಮಾಡೋಣ” ಎಂದು ಮನೆಯತ್ತ ನಡೆದನು. ಊಟದ ಹೊತ್ತಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಊಟ ಮುಗಿಸಿ ಬಂದು ನೋಡಿದಾಗ ಏಣಿ ವಾಲಿ ಬಿದ್ದಿತ್ತು. ಕಂದಕದ ಮೇಲುಬದಿಯ ಗೋಡೆ ಹತ್ತು ಅಡಿ ಉದ್ದಕ್ಕೆ ಕುಸಿದಿತ್ತು. ಎಸೆದಿದ್ದ ಗುದ್ದಲಿ ಕಾಣುತ್ತಿರಲಿಲ್ಲ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ; ಅದರಡಿಯಲ್ಲಿ ಎದೆಯವರೆಗೆ ಸಿಕ್ಕಿಕೊಂಡವನೂ ಉಸಿರಾಡಲಾರನು. ಅಜ್ಜನು ಬಹಳ ಹೊತ್ತು ಆ ಮಣ್ಣಿನ ರಾಶಿಯನ್ನು ನೋಡುತ್ತ ನಿಂತನು. ಆಮೇಲೆ ಮೊಮ್ಮಗನ ಭುಜದ ಮೇಲೆ ಕೈಯಿಟ್ಟು, “ಓದಿಸಿದವನು ನಾನು, ಓದಿದವನು ನೀನು” ಎಂದನು.

ಮರುದಿನದಿಂದ ಕೆಲಸದ ರೀತಿಯೇ ಬದಲಾಯಿತು. ಗೋಡೆಗಳನ್ನು ನೆಟ್ಟಗೆ ಬಿಡದೆ, ಮೇಲಕ್ಕೆ ಅಗಲವಾಗುವಂತೆ ಇಳಿಜಾರಾಗಿ ಕಡಿದರು. ತೋಡಿದ ಮಣ್ಣನ್ನು ಅಂಚಿನಿಂದ ದೂರ ಹಾಕಿದರು. ಚೂಪುಗಲ್ಲುಗಳನ್ನು ಯಂತ್ರದ ತೋಳಿನಿಂದಲೇ ಮೇಲೆತ್ತಿದರು. ಬಳುಕುವ ಪ್ಲಾಸ್ಟಿಕ್ ಕೊಳವೆಯನ್ನು, ಯಾರೂ ಕೆಳಗಿಳಿಯದೆ, ಹಗ್ಗಗಳಿಂದ ಮೇಲಿನಿಂದಲೇ ಇಳಿಬಿಟ್ಟರು. ಕೆಲಸವು ಒಂದು ವಾರ ಹೆಚ್ಚು ಹಿಡಿಯಿತು. ಹೆಮ್ಮೆಪಡುವಂತಹ ನೆಟ್ಟಗಿನ ಗೆರೆ ಎಲ್ಲಿಯೂ ಉಳಿಯಲಿಲ್ಲ. ಕೊಳವೆಯ ಮೇಲೆ ಮೊದಲು ಮೆತ್ತನೆಯ ಮಣ್ಣನ್ನೂ ಅನಂತರ ಉಳಿದುದನ್ನೂ ತುಂಬಿ, ಮುಂಬದಿಯ ಬಕೆಟ್ಟಿನಿಂದ ನೆಲವನ್ನು ಸಮಮಾಡಿದಾಗ ಸೆಪ್ಟೆಂಬರು ಬಂದಿತ್ತು. ಶಾಲೆ ತೆರೆದುದರಿಂದ ಹುಡುಗನು ಊರಿಗೆ ಹೊರಟನು.

ಜನವರಿ ಬಂದಿತು. ಹಿಮ ಎಂದಿನಂತೆ ಬೆಟ್ಟವನ್ನು ಮುಚ್ಚಿತು. ಒಂದು ಮುಂಜಾನೆ ಹೆಂಡತಿ ಅಡಿಗೆಯ ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದಳು, ನೀರು ಸುರಿಯಿತು. ಅವಳು ನಲ್ಲಿಯನ್ನು ನಿಲ್ಲಿಸದೆ ಸ್ವಲ್ಪ ಹೊತ್ತು ಆ ಶಬ್ದವನ್ನೇ ಕೇಳುತ್ತ ನಿಂತಳು. ಬಾಗಿಲ ಬಳಿ ತಲೆಕೆಳಗಾಗಿ ಇಟ್ಟಿದ್ದ ಬಕೆಟ್ಟುಗಳು ಹಾಗೆಯೇ ಇದ್ದವು. ಕೊಟ್ಟಿಗೆಯಲ್ಲಿ ಹಸಿರು ಯಂತ್ರವು, ಉಳುಮೆ ಮುಗಿಸಿದ ಎತ್ತಿನಂತೆ, ತೋಳನ್ನು ಮಡಿಸಿಕೊಂಡು ವಿಶ್ರಮಿಸುತ್ತಿತ್ತು.

ಜರ್ಮನಿಯ ಬಯಲುಗಳಲ್ಲಿ ಆ ಸೈನಿಕನು ತೋಡಿ ಮುಚ್ಚಿದ ಕಂದಕಗಳ ಗುರುತು ಇಂದು ಎಲ್ಲಿಯೂ ಇರಲಾರದು. ಬೆಟ್ಟದ ಮಗ್ಗುಲಿನ ಈ ಕಂದಕದ ಗುರುತೂ ವಸಂತದಲ್ಲಿ ಹುಲ್ಲು ಬೆಳೆದು ಅಳಿಸಿಹೋಗುತ್ತದೆ. ಆದರೆ ಅದರ ಅಡಿಯಲ್ಲಿ ನೀರು ಹರಿಯುತ್ತಿದೆ.