ಒಲೆ ಮುಂದಿನ ಉಸಿರು

ನಮ್ಮ ಕೇರಿಯಲ್ಲಿ ಹುಟ್ಟಿದ ನಾವೆಲ್ಲ ಮೊದಲು ಕುಡಿದದ್ದು ಹೊಗೆ. ಅಲಂಕಾರಕ್ಕೆ ಹೇಳ್ತಿಲ್ಲ. ಇದ್ದದ್ದು ಒಂದೇ ಅಂಕಣದ ಗುಡಿಸಲು. ಒಂದು ಮೂಲೆಗೆ ಒಲೆ, ಎದುರು ಮೂಲೆಗೆ ಬಾಣಂತಿಯ ಚಾಪೆ. ಶೀತ ಆದಾತು ಅಂತ ಬಾಗಿಲು ಮುಚ್ಚಿರೋರು. ಕೂಸಿಗೆ ನೀರು ಹುಯ್ದ ಮೇಲೆ ಸಾಂಬ್ರಾಣಿ ಹೊಗೆ ಬೇರೆ. ಅದು ನಮ್ಮದೇ ತಪ್ಪು, ಒಪ್ಪಿಕೊಳ್ಳಬೇಕು.

ಆದರೆ ಒಲೆಗೆ ಹಸಿ ಸೌದೆ ಯಾಕೆ ಇಡ್ತಿದ್ದೆವು? ಒಣಸೌದೆ ಇದ್ದದ್ದು ಊರ ಗೌಡರ ತೋಟದಲ್ಲಿ. ಅಲ್ಲಿ ಒಂದು ಗರಿ ಎತ್ತಿದರೂ ಕಂಬಕ್ಕೆ ಕಟ್ಟುವ ಕಾಲ. ನಮಗೆ ಸಿಕ್ಕಿದ್ದು ಬೇಲಿ ಜಾಲಿ, ಲಂಟಾನ, ಮಳೆಗೆ ನೆಂದ ಕುರುಳು. ಊದುಗೊಳವೆ ಹಿಡಿದು ಊದೋದು ಮಕ್ಕಳ ಕೆಲಸ. ಊದಿ ಊದಿ ಕಣ್ಣು ಮೂಗು ಸುರಿಯುವಾಗ ಅವ್ವ, "ಹೊಗೆ ಕುಡುದ್ರೆ ಸಾಯಕ್ಕಿಲ್ಲ ಕನ್ಲಾ, ಹಸ್ಕಂಡ್ರೆ ಸಾಯ್ತೀವಿ, ಊದು" ಅನ್ನೋಳು.

ನಮ್ಮ ಕೊನೇ ತಂಗಿ ಎಂಟು ತಿಂಗಳಿಗೇ ಹುಟ್ಟಿದಳು. ಹಿಂದಿನ ದಿನದ ತನಕ ಅವ್ವ ನಾಟಿ ಹಾಕುತ್ತಿದ್ದಳು. ಮೊರದಲ್ಲಿ ಮಲಗಿಸಿದರೆ ಮೊರದ ಕಾಲುಭಾಗವೂ ತುಂಬಲಿಲ್ಲ. ಐದನೇ ತಿಂಗಳಲ್ಲಿ ಕೆಮ್ಮು ಬಂತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗ್ತಿತ್ತು. ಅಜ್ಜಿ ಬಳೆಚೂರು ಕಾಯಿಸಿ ಹೊಟ್ಟೆಗೆ ಬರೆ ಹಾಕಿದಳು. ಮೂರನೇ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಕೇಳಿದರು. ಕೂಲಿ ಮಾಡ್ತಿದ್ದೆವು. ಅವತ್ತು ರಾತ್ರಿಯೇ ಮಗು ಹೋಯಿತು.

ಉಳಿದ ನಾವು ಸ್ಕೂಲಿಗೆ ಹೋದೆವು. ಓಟದ ಪಂದ್ಯದಲ್ಲಿ ಅರ್ಧ ಮೈದಾನಕ್ಕೇ ಎದೆ ಹಿಡಿದು ಕೂರುತ್ತಿದ್ದೆವು. ಡ್ರಿಲ್ ಮೇಷ್ಟ್ರು "ನಿಮ್ಮೋರಿಗೆ ದಮ್ಮಿಲ್ಲ ಕಣ್ರೋ" ಅಂದರು. ನಾವೂ ಅದನ್ನು ನಂಬಿದೆವು. ಬಹಳ ಕಾಲ ನಂಬಿದೆವು.

ದಮ್ಮು ಎಲ್ಲಿ ಹೋಯಿತು ಅಂತ ಓದಿ ತಿಳಿಯುವ ಹೊತ್ತಿಗೆ ತಲೆ ನೆರೆತಿತ್ತು. ಶ್ವಾಸಕೋಶ ಮೊಳೆಯೋದು ತಾಯಿಯ ಹೊಟ್ಟೆಯಲ್ಲಿ, ನಾಲ್ಕನೇ ವಾರದ ಸುಮಾರಿಗೆ. ಅದರ ಗಾಳಿಗೂಡುಗಳಲ್ಲಿ ಬಹುಪಾಲು ಮೂಡೋದು ಹುಟ್ಟಿದ ಮೇಲಿನ ಎರಡು ಮೂರು ವರ್ಷಗಳಲ್ಲಿ. ಅದರ ಕಸುವು ಇಪ್ಪತ್ತು ದಾಟುವವರೆಗೆ ಏರಿ, ಆಮೇಲೆ ಎಲ್ಲರಿಗೂ ಇಳಿಯುತ್ತಾ ಹೋಗುತ್ತದೆ. ಏರುವಾಗಲೇ ಗಿಡ್ಡವಾಗಿ ನಿಂತವರು ಇಳಿಯುವಾಗ ಬೇಗ ನೆಲ ಮುಟ್ಟುತ್ತಾರೆ. ಬಸುರಿಯ ಹಸಿವು, ದಿನ ತುಂಬದ ಹೆರಿಗೆ, ಎಳೆಗೂಸಿನ ನಿಮೋನಿಯಾ, ಒಲೆಯ ಹೊಗೆ, ಇವೆಲ್ಲ ಸೇರಿ ಆ ಎತ್ತರವನ್ನು ಗೀರಿಟ್ಟುಬಿಡುತ್ತವೆ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಜೊತೆಗಾರರು ಹರ್ಟ್‌ಫರ್ಡ್‌ಶೈರ್ ಗಂಡಸರ ಹುಟ್ಟುತೂಕದ ಹಳೇ ದಾಖಲೆ ಹಿಡಿದು 1991ರಲ್ಲೇ ಇಂಥದ್ದನ್ನು ತೋರಿಸಿದ್ದರು. ಇಂಗ್ಲೆಂಡ್ ಯಾಕೆ, ನಮ್ಮ ಮೈಸೂರಿನದೇ ಇದೆ. ಮಿಷನ್ ಆಸ್ಪತ್ರೆ ಅಂತ ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1953ರವರೆಗೆ ಹುಟ್ಟಿದ 286 ಮಂದಿಯನ್ನು ಹುಡುಕಿ, ಯಂತ್ರಕ್ಕೆ ಉಸಿರು ಊದಿಸಿ ನೋಡಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರ ಉಸಿರು ನಡುವಯಸ್ಸಿನಲ್ಲೂ ಕಡಿಮೆಯೇ ಇತ್ತು. 1997ರಲ್ಲಿ ಅದು ಪ್ರಕಟವಾಯಿತು.

ಅವರ ತೂಕವನ್ನು ಯಾರೋ ಬರೆದಿಟ್ಟಿದ್ದರು. ನಮ್ಮನ್ನು ಸೂಲಗಿತ್ತಿ ಅಂಗೈಯಲ್ಲಿ ಎತ್ತಿ "ಪರವಾಗಿಲ್ಲ" ಅಂದದ್ದೇ ದಾಖಲೆ. ನಮ್ಮ ತಂಗಿ ಹುಟ್ಟಿದ್ದೂ ಯಾವ ಪುಸ್ತಕದಲ್ಲಿಲ್ಲ, ಸತ್ತದ್ದೂ ಇಲ್ಲ.

ಅವ್ವ ಕೊನೆಗಾಲದಲ್ಲಿ ಮಲಗಲಾರದೆ ಕೂತೇ ನಿದ್ದೆ ಮಾಡುತ್ತಿದ್ದಳು. ಡಾಕ್ಟರು ಮೊದಲು ಕೇಳಿದ್ದು, "ಬೀಡಿ ಸೇದ್ತಿದ್ರಾ?" ಅಂತ. ಅವ್ವ ನಕ್ಕಳು, ನಕ್ಕಿದ್ದಕ್ಕೆ ಕೆಮ್ಮಿದಳು.

ಈಗ ಕೇರಿಯಲ್ಲಿ ಹೆಂಚಿನ ಮನೆಗಳಿವೆ. ಅಂಗನವಾಡಿಯಲ್ಲಿ ತಕ್ಕಡಿ ಇದೆ. ನಿಮೋನಿಯಾ ತಡೆಯುವ ನ್ಯೂಮೋಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಕೂಸುಗಳಿಗೆ ಪುಕ್ಕಟೆ ಸಿಗುತ್ತಿದೆ. 2016ರಲ್ಲಿ ಶುರುವಾದ ಉಜ್ವಲ ಯೋಜನೆಯ ಸಿಲಿಂಡರು ನಮ್ಮ ತಮ್ಮನ ಮನೆಗೂ ಬಂತು. ಮೊನ್ನೆ ಹೋದಾಗ ಅದು ಮೂಲೆಯಲ್ಲಿ ಹಳೇ ಸೀರೆ ಹೊದ್ದು ನಿಂತಿತ್ತು. ಮೇಲೆ ರಾಗಿ ಮೊರ.

"ತುಂಬ್ಸಕ್ಕೆ ಕಾಸೆಲ್ಲಿ ದೊಡ್ಡಪ್ಪ? ನೆಂಟ್ರು ಬಂದಾಗ ಟೀಗೆ ಮಾತ್ರ" ಅಂದಳು ಸೊಸೆ, ಒಲೆಗೆ ಜಾಲಿ ತುರುಕುತ್ತಾ. ಅವಳ ಸೊಂಟದಲ್ಲಿ ಏಳು ತಿಂಗಳ ಮಗು. ಕೈ ಚಾಚಿದೆವು, ಬಂತು. ಎತ್ತಿಕೊಂಡು ಜಗಲಿಗೆ ಬಂದು, ಅನ್ನ ಬೇಯುವ ತನಕ ಅಲ್ಲೇ ಕೂತೆವು.